ದುಷ್ಟನ ಸಾವು ಹಬ್ಬವೆ?

ದುಷ್ಟನೊಬ್ಬನು ಸತ್ತನೆಂಬ ಸುದ್ದಿ ಬಂದಾಗ ನಮ್ಮ ಮನಸ್ಸಿನಲ್ಲಿ ಏಳುವ ಮೊದಲ ಭಾವ ಯಾವುದು? ಪ್ರಾಮಾಣಿಕವಾಗಿ ಹೇಳುವುದಾದರೆ, ಸಂತೋಷವೇ. ‘ಪಾಪದ ಕೊಡ ತುಂಬಿತು’ ಎನ್ನುತ್ತೇವೆ. ‘ಮಾಡಿದ್ದುಣ್ಣೋ ಮಹರಾಯ’ ಎನ್ನುತ್ತೇವೆ. ನರಕಾಸುರನನ್ನು ಕೊಂದ ನೆನಪಿಗೆ ದೀಪ ಹಚ್ಚುವವರು ನಾವು. ಈ ಸಂತೋಷ ಸಹಜವಾದುದು, ಸಂದೇಹವಿಲ್ಲ. ಆದರೆ ಸಹಜವಾದುದೆಲ್ಲ ಒಳ್ಳೆಯದೆ ಎಂಬ ಪ್ರಶ್ನೆಯನ್ನು ಕ್ರೈಸ್ತ ಪರಂಪರೆ ಬಹುಕಾಲದಿಂದ ಕೇಳಿಕೊಂಡು ಬಂದಿದೆ. ನಾನು ಆ ಮತದವನಲ್ಲ. ಅದರ ಗ್ರಂಥಗಳನ್ನು ಆಸಕ್ತಿಯಿಂದ ಓದಿದವನು ಮಾತ್ರ. ಆ ಓದಿನಿಂದ ನನಗೆ ತೋರಿದ ಒಂದು ವಿಚಾರವನ್ನು ವಾಚಕರ ಮುಂದಿಡುತ್ತೇನೆ.

2011ರ ಮೇ 2ರಂದು ಪಾಕಿಸ್ತಾನದ ಅಬೊಟ್ಟಾಬಾದಿನಲ್ಲಿ ಅಮೆರಿಕದ ಸೈನಿಕರು ಒಸಾಮಾ ಬಿನ್ ಲಾಡೆನನನ್ನು ಕೊಂದರು. ಸುದ್ದಿ ತಿಳಿಯುತ್ತಲೇ ವಾಷಿಂಗ್ಟನ್ನಿನಲ್ಲಿ ಶ್ವೇತಭವನದ ಮುಂದೆ ಜನ ನೆರೆದು ಬಾವುಟ ಬೀಸಿ ಜಯಘೋಷ ಮಾಡಿದರು. ಆಗ ವ್ಯಾಟಿಕನ್ನಿನ ವಕ್ತಾರರಾಗಿದ್ದ ಫಾದರ್ ಫೆಡೆರಿಕೊ ಲೊಂಬಾರ್ಡಿಯವರು ಚಿಕ್ಕದೊಂದು ಹೇಳಿಕೆ ಕೊಟ್ಟರು. ಸತ್ತವನು ದ್ವೇಷವನ್ನು ಬಿತ್ತಿ ಅಸಂಖ್ಯ ಜನರ ಸಾವಿಗೆ ಹೊಣೆಯಾದವನೆಂಬುದನ್ನು ಅವರು ಮರೆಮಾಚಲಿಲ್ಲ. ಆದರೆ ಮನುಷ್ಯನ ಮರಣದೆದುರಿಗೆ ಕ್ರೈಸ್ತನಾದವನು ಹಿಗ್ಗುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದರು. ಗಂಡನನ್ನೊ ಮಗಳನ್ನೊ ಕಳೆದುಕೊಂಡ ಮನೆಗಳಿಗೆ ದೂರದ ರೋಮಿನಿಂದ ಬಂದ ಇಂಥ ಮಾತು ಅಗ್ಗದ ಉಪದೇಶವಾಗಿ ಕಂಡರೆ ಅವರನ್ನು ತಪ್ಪೆನ್ನಲಾಗದು. ಆದುದರಿಂದಲೇ ಈ ಮಾತಿನ ಬೇರನ್ನು ಹುಡುಕಬೇಕು.

ಬೈಬಲ್ಲಿನದು ಇಲ್ಲಿ ಒಂದೇ ಸ್ವರವಲ್ಲ. ‘ಜ್ಞಾನೋಕ್ತಿಗಳು’ ಎಂಬ ಒಂದೇ ಪುಸ್ತಕದಲ್ಲಿ, ದುಷ್ಟರು ಅಳಿದಾಗ ಊರು ಉಲ್ಲಾಸಪಡುತ್ತದೆ ಎಂಬ ಅಭಿಪ್ರಾಯವೂ ಇದೆ. ವೈರಿ ಬಿದ್ದಾಗ ಹಿಗ್ಗಬೇಡವೆಂಬ ಎಚ್ಚರಿಕೆಯೂ ಇದೆ. ಮೊದಲನೆಯದು ಲೋಕದ ನಡೆಯನ್ನು ಹೇಳುತ್ತದೆ, ಎರಡನೆಯದು ಅಂತರಂಗವನ್ನು ತಿದ್ದುತ್ತದೆ. ಪ್ರವಾದಿ ಯೋನನ ಕಥೆಯನ್ನು ನೋಡಿ. ನಿನೆವೆ ಪಟ್ಟಣ ನಾಶವಾಗುವುದೆಂದು ಅವನು ಸಾರಿದನು, ಜನ ಪಶ್ಚಾತ್ತಾಪಪಟ್ಟರು, ದೇವರು ಮನಸ್ಸು ಕರಗಿ ಪಟ್ಟಣವನ್ನು ಉಳಿಸಿದನು. ಯೋನನಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು! ಊರ ಹೊರಗೆ ಕುಳಿತು, ಮುಂದೇನಾಗುವುದೋ ಎಂದು ಕಾದನು. ಕಥೆಯ ಕೊನೆಯಲ್ಲಿ ದೇವರಿಂದ ಬುದ್ಧಿ ಹೇಳಿಸಿಕೊಳ್ಳುವವರು ಆ ಪಟ್ಟಣದ ಪಾಪಿಗಳಲ್ಲ; ಅವರ ನಾಶವನ್ನು ಬಯಸಿದ ಪ್ರವಾದಿ.

ಹಾಗಾದರೆ ದುಷ್ಟನಿಗೆ ದಂಡನೆಯೇ ಬೇಡವೆ? ಹಾಗಲ್ಲ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ಓದಿದ ಕನ್ನಡಿಗರಿಗೆ ಯೇಸುವನ್ನು ಶಿಲುಬೆಗೇರಿಸಿದ ಆ ಸ್ಥಳ ಅಪರಿಚಿತವಲ್ಲ. ಅಲ್ಲಿ ಅವನ ಎಡಬಲಗಳಲ್ಲಿ ಇಬ್ಬರು ಅಪರಾಧಿಗಳಿದ್ದರು. ಲೂಕನ ಸುವಾರ್ತೆಯ ಪ್ರಕಾರ ಒಬ್ಬನು ಯೇಸುವನ್ನು ಹಂಗಿಸಿದನು. ಇನ್ನೊಬ್ಬನು ತಮಗಾದ ಶಿಕ್ಷೆ ನ್ಯಾಯವೆಂದು ಒಪ್ಪಿಕೊಂಡು, ತನ್ನನ್ನು ನೆನೆಯಬೇಕೆಂದು ಬೇಡಿಕೊಂಡನು. ಅವನಿಗೆ ಪರದೈಸಿನ ಭರವಸೆ ದೊರೆಯಿತು. ಆದರೆ ಶಿಲುಬೆಯಿಂದ ಅವನನ್ನು ಯಾರೂ ಕೆಳಗಿಳಿಸಲಿಲ್ಲ. ದಂಡನೆಯೂ ನಡೆಯಿತು, ಕರುಣೆಯೂ ದೊರೆಯಿತು. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಇದನ್ನು ಆಚರಣೆಗೆ ತರುವುದು ಚರ್ಚಿಗೆ ಸುಲಭವಾಗಲಿಲ್ಲ. 5ನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಬಿಷಪ್ಪರಾಗಿದ್ದ ಸಂತ ಅಗಸ್ಟೀನರು, ತಮ್ಮ ಕಡೆಯ ಒಬ್ಬ ಪಾದ್ರಿಯನ್ನು ಕೊಂದು ಇನ್ನೊಬ್ಬನ ಕಣ್ಣು ಕಿತ್ತವರಿಗೆ ಮರಣದಂಡನೆ ಬೇಡವೆಂದು ರೋಮನ್ ಅಧಿಕಾರಿ ಮಾರ್ಸೆಲ್ಲಿನಸನಿಗೆ ಪತ್ರ ಬರೆದರು. ಅವರನ್ನು ಯಾವುದಾದರೂ ಉಪಯುಕ್ತವಾದ ಕೆಲಸಕ್ಕೆ ಹಚ್ಚಬೇಕೆಂದರು. 13ನೆಯ ಶತಮಾನದ ಥಾಮಸ್ ಅಕ್ವಿನಾಸರಾದರೋ, ದೇಹದ ಹಿತಕ್ಕಾಗಿ ಕೆಟ್ಟ ಅಂಗವನ್ನು ಕತ್ತರಿಸುವಂತೆ ಸಮಾಜವು ಅಪರಾಧಿಯನ್ನು ಕೊಲ್ಲಬಹುದೆಂದು ವಾದಿಸಿದರು. ಮತದ ಹೆಸರಿನಲ್ಲಿ ಜೀವಂತ ಸುಟ್ಟದ್ದೂ ಉಂಟು. ವ್ಯಾಟಿಕನ್ ತನ್ನ ಕಾನೂನಿನಿಂದ ಮರಣದಂಡನೆಯನ್ನು ತೆಗೆದುಹಾಕಿದ್ದು 1969ರಲ್ಲಿ. ಪೋಪ್ ಫ್ರಾನ್ಸಿಸರು ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿ ಆ ದಂಡನೆ ಒಪ್ಪತಕ್ಕದ್ದಲ್ಲವೆಂದು ಸಾರಿದ್ದು 2018ರಲ್ಲಿ. ಕರುಣೆ ಅಲ್ಲಿ ಹುಟ್ಟುಗುಣವಲ್ಲ. ಮರೆತು ಮರೆತು ಮತ್ತೆ ಕಲಿತ ಪಾಠ.

ನಮ್ಮ ದೇಶದಲ್ಲಿಯೇ ಈ ಪಾಠವನ್ನು ಒಬ್ಬ ಹೆಂಗಸು ಬದುಕಿ ತೋರಿಸಿದರು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸರನ್ನೂ ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟುಹಾಕಿದರು. ಪತ್ನಿ ಗ್ಲಾಡಿಸ್ ಸ್ಟೇನ್ಸರು ಕೊಂದವರನ್ನು ಕ್ಷಮಿಸಿದ್ದೇನೆಂದು ಬಹಿರಂಗವಾಗಿ ಹೇಳಿದರು. ಮುಂದೆಯೂ ಕೆಲವು ವರ್ಷ ಅಲ್ಲಿಯೇ ನಿಂತು ರೋಗಿಗಳ ಸೇವೆ ಮಾಡಿದರು. ಕಾನೂನು ತನ್ನ ದಾರಿಯಲ್ಲಿ ನಡೆಯಿತು. ಮುಖ್ಯ ಅಪರಾಧಿಗೆ 2003ರಲ್ಲಿ ಕೆಳಗಿನ ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು 2005ರಲ್ಲಿ ಹೈಕೋರ್ಟು ಜೀವಾವಧಿ ಶಿಕ್ಷೆಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಕ್ಷಮೆ ಆ ತಾಯಿಯದು, ದಂಡನೆ ರಾಜ್ಯದ್ದು. ಮನೆಯಲ್ಲಿ ಕುಳಿತು ಪತ್ರಿಕೆ ಓದುವ ನನ್ನದು ಯಾವುದು? ನೊಂದವರ ಪರವಾಗಿ ಕ್ಷಮಿಸುವ ಅಧಿಕಾರ ನನಗಿಲ್ಲ. ಹಾಗೆ ಮಾಡಿದರೆ ಅದು ಪರರ ಗಂಟಿನಿಂದ ಮಾಡಿದ ದಾನವಾದೀತು. ಹಾಗೆಯೇ ಅವರ ಪರವಾಗಿ ಸಂಭ್ರಮಿಸುವ ಅಧಿಕಾರವೂ ನನಗಿಲ್ಲ. ಅವರು ಬಿಡುವ ನಿಟ್ಟುಸಿರಿಗೆ ಅರ್ಥವಿದೆ. ನಾನು ಹಚ್ಚುವ ಪಟಾಕಿಗೆ ಏನು ಅರ್ಥ? ವಾಲ್ಮೀಕಿಯ ರಾಮನೂ ರಾವಣನು ಬಿದ್ದ ಮೇಲೆ ಅಣ್ಣನ ಉತ್ತರಕ್ರಿಯೆಯನ್ನು ಮಾಡೆಂದು ವಿಭೀಷಣನಿಗೆ ಹೇಳಿದನಲ್ಲವೆ?

ದುಷ್ಟನು ಸತ್ತಾಗ ಅವನಿಂದ ಆಗುತ್ತಿದ್ದ ಕೇಡು ನಿಂತಿತೆಂದು ಸಮಾಧಾನಪಡೋಣ. ಅವನು ತಿದ್ದಿಕೊಳ್ಳದೆಯೇ ಹೋದನಲ್ಲಾ ಎಂಬ ವಿಷಾದಕ್ಕೂ ಮನಸ್ಸಿನಲ್ಲಿ ಸ್ವಲ್ಪ ಎಡೆಯಿರಲಿ. ಇವೆರಡನ್ನೂ ಒಟ್ಟಿಗೆ ಹಿಡಿದಿಡುವುದು ಕಷ್ಟ. ಆದರೆ ಆ ಕಷ್ಟವನ್ನು ತಪ್ಪಿಸಿಕೊಂಡ ನ್ಯಾಯವು ಸೇಡಿಗಿಂತ ಬೇರೆಯಾಗಿ ಉಳಿಯಲಾರದು.