ಮಗಳು ವಿಮಾನ ಹಾರಿಸುತ್ತೇನೆ ಎಂದಾಗ



ಕಳೆದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದಿದ್ದರು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಅಂಕ ಗಳಿಸಿದ್ದಾಳೆ. "ಟೀಚರ್, ಇವಳು ಪೈಲಟ್ ಆಗ್ತೇನೆ ಅಂತ ಹಟ ಹಿಡಿದಿದ್ದಾಳೆ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಎಂದರು. ಹುಡುಗಿಯ ತಂದೆ ದಮ್ಮಾಮ್‌ನಲ್ಲಿದ್ದಾರೆ. ಅವರನ್ನು ಬೀಳ್ಕೊಡಲು ಬಜ್ಪೆಗೆ ಹೋದಾಗಲೆಲ್ಲ ಮನೆಯವರು ಕಣ್ಣೊರೆಸಿಕೊಳ್ಳುತ್ತಿದ್ದರೆ ಇವಳು ಮಾತ್ರ ಮೇಲೇರುವ ವಿಮಾನವನ್ನೇ ನೋಡುತ್ತಾ ನಿಲ್ಲುತ್ತಿದ್ದಳಂತೆ.

ತಾಯಿಯ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಮನೆ ಹತ್ತಿರದ ಕಾಲೇಜಿನ ಕಲಾ ವಿಭಾಗದ ಅರ್ಜಿ. ಇನ್ನೊಂದು, ಮುಂಗಡ ಹಣ ಕಟ್ಟಿ ಸೀಟು ಕಾದಿರಿಸಿ ಎನ್ನುವ ತರಬೇತಿ ಸಂಸ್ಥೆಯೊಂದರ ಬಣ್ಣದ ಪುಸ್ತಿಕೆ. ಎರಡನ್ನೂ ಸದ್ಯಕ್ಕೆ ಬದಿಗಿಡಿ ಎಂದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ಇನ್ನೊಬ್ಬ ಹುಡುಗಿ ಇದೇ ಆಸೆ ಹೇಳಿದಾಗ ನಾನು ನಕ್ಕು, "ಅದೆಲ್ಲ ದೊಡ್ಡವರ ಮಕ್ಕಳಿಗೆ" ಎಂದು ಕಳುಹಿಸಿದ್ದೆ. ಅವಳು ಮತ್ತೆ ಕೇಳಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಆಗದ್ದು ಎಂದು ಹೇಳಿಬಿಟ್ಟಿದ್ದೆ. ಹಾಗಾಗಿ ಈ ಸಲ ವಿಚಾರಿಸಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲ ಬಾಗಿಲು ಪಿಯುಸಿ. ಸಂಬಳಕ್ಕೆ ವಿಮಾನ ಹಾರಿಸಲು ವಾಣಿಜ್ಯ ಪೈಲಟ್ ಪರವಾನಗಿ ಬೇಕು. ಅದನ್ನು ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾಗಿರಬೇಕೆಂಬುದು ಹಲವು ವರ್ಷಗಳಿಂದ ನಡೆದುಬಂದ ನಿಯಮ. ಇದನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಬಂತು. ಆದರೂ ಈ ಎರಡು ವಿಷಯ ಓದಿದವಳಿಗೆ ಮುಂದಿನ ಪಾಠ ಹಗುರ. ಬೇರೆ ವಿಭಾಗದಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಇವೆರಡನ್ನು ಬರೆದು ಬಂದದ್ದೂ ಇದೆ. ಕಾಲೇಜು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ವಿಭಾಗ ಆರಿಸುವ ಮನೆಗಳಲ್ಲಿ ಮಗಳ ಎಷ್ಟೋ ದಾರಿಗಳು ಹದಿನಾರಕ್ಕೇ ಮುಚ್ಚಿಹೋಗುತ್ತವೆ.

ಎರಡನೆಯದು ಆರೋಗ್ಯ. ಹಣ ಕಟ್ಟುವ ಮೊದಲೇ ಇದನ್ನು ನೋಡಬೇಕು. ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಮೊದಲು ಎರಡನೇ ದರ್ಜೆಯ, ನಂತರ ಒಂದನೇ ದರ್ಜೆಯ ತಪಾಸಣೆ ನಡೆಯುತ್ತದೆ. ಕನ್ನಡಕವಿದ್ದರೆ ಹೆದರಬೇಕಿಲ್ಲ, ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಅವಕಾಶವಿದೆ. ಬಣ್ಣ ಗುರುತಿಸುವ ಶಕ್ತಿ, ಕಿವಿ, ಹೃದಯ, ರಕ್ತ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಬಣ್ಣದ ದೋಷ ಗೊತ್ತಾದರೆ ಆ ಮನೆಯ ಗತಿಯೇನು?

ಮೂರನೆಯದು ಪರೀಕ್ಷೆ. ವಾಯು ನಿಯಮಗಳು, ದಿಕ್ಕು ಮತ್ತು ಮಾರ್ಗದ ಲೆಕ್ಕ, ಹವಾಮಾನ, ವಿಮಾನದ ಯಂತ್ರಜ್ಞಾನ ಇವು ಮುಖ್ಯ ವಿಷಯಗಳು. ಪಾಸಾಗಲು ಪ್ರತಿ ವಿಷಯದಲ್ಲೂ ಶೇ. 70 ಅಂಕ ಬೇಕು. ಗಾಳಿ ಎಡದಿಂದ ಬೀಸಿದರೆ ವಿಮಾನದ ಮೂತಿಯನ್ನು ಎಷ್ಟು ಡಿಗ್ರಿ ತಿರುಗಿಸಬೇಕು ಎನ್ನುವಂಥ ಲೆಕ್ಕಗಳವು. ರೇಡಿಯೊದಲ್ಲಿ ಮಾತನಾಡಲು ಬೇರೆ ಪ್ರಮಾಣಪತ್ರ ಬೇಕು, ಇಂಗ್ಲಿಷ್ ಸ್ಪಷ್ಟವಾಗಿರಬೇಕು. ಇನ್ನೊಂದು ಸಣ್ಣ ಸಂಗತಿ: ಎಸ್ಸೆಸ್ಸೆಲ್ಸಿ, ಪಿಯುಸಿ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಒಂದರಲ್ಲಿ ಫಾತಿಮಾ, ಇನ್ನೊಂದರಲ್ಲಿ ಫಾತಿಮತ್ ಎಂದಿದ್ದು ಅಲೆದಾಡುವವರನ್ನು ನಾವು ದಿನವೂ ಕಾಣುತ್ತೇವೆ.

ನಾಲ್ಕನೆಯದು ಹಾರಾಟ. ವಯಸ್ಸು 16 ತುಂಬಿದರೆ ವಿದ್ಯಾರ್ಥಿ ಪರವಾನಗಿ, 18 ತುಂಬಿದರೆ ವಾಣಿಜ್ಯ ಪರವಾನಗಿ ಪಡೆಯಬಹುದು. ಒಟ್ಟು 200 ಗಂಟೆ ಹಾರಾಟವಾಗಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿಸಿರಬೇಕು. ದೂರದ ಊರುಗಳಿಗೆ ಹಾರಾಟ, ರಾತ್ರಿ ಹಾರಾಟ, ಉಪಕರಣಗಳನ್ನಷ್ಟೇ ನೋಡಿ ಹಾರಾಟ ಇವೆಲ್ಲ ಇದರಲ್ಲಿ ಸೇರಿವೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ರಾಜ್ಯದ ಸರಕಾರಿ ತರಬೇತಿ ಶಾಲೆಯಿದೆ. ಖಾಸಗಿ ಸಂಸ್ಥೆಗಳೂ ಬಹಳ.

ಇನ್ನು ಹಣದ ಮಾತು. ಎಲ್ಲ ಸೇರಿ 50 ಲಕ್ಷದ ಆಸುಪಾಸು ಖರ್ಚಾಗುತ್ತದೆ. ಪರವಾನಗಿ ಕೈಗೆ ಬಂದ ಮೇಲೆ ಏರ್‌ಬಸ್ ಅಥವಾ ಬೋಯಿಂಗ್‌ನಂತಹ ನಿರ್ದಿಷ್ಟ ವಿಮಾನಕ್ಕಾಗಿ ಮತ್ತೊಂದು ತರಬೇತಿ, ಅದಕ್ಕೆ ಮತ್ತಷ್ಟು ಲಕ್ಷ. ಪರವಾನಗಿ ಸಿಕ್ಕಿತೆಂದರೆ ಕೆಲಸ ಸಿಕ್ಕಿತೆಂದಲ್ಲ. ವರ್ಷಗಟ್ಟಲೆ ಕಾದವರಿದ್ದಾರೆ.

9ನೇ ಶತಮಾನದಲ್ಲಿ ಕೊರ್ದೊಬಾದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಹಾರಿದ್ದು ಸರಿಯಾಯಿತು, ಇಳಿಯುವಾಗ ಪೆಟ್ಟಾಯಿತು. ಹಕ್ಕಿ ಇಳಿಯಲು ಬಾಲವನ್ನು ಬಳಸುತ್ತದೆ ಎಂಬುದನ್ನು ಅವರು ಗಮನಿಸಿರಲಿಲ್ಲವಂತೆ. ಮನೆ, ಜಮೀನು ಅಡವಿಟ್ಟು ಬಡ್ಡಿಯ ಸಾಲಕ್ಕೆ ಕೈಹಾಕುವ ಮೊದಲು ನಾವೂ ಇಳಿಯುವುದನ್ನು ಯೋಚಿಸಬೇಕು.

ಆದ್ದರಿಂದ ಇಡೀ ಶುಲ್ಕವನ್ನು ಒಮ್ಮೆಲೇ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಟ್ಟಿ. ಹಣ ಹಿಂತಿರುಗಿಸುವ ಷರತ್ತನ್ನು ಬರೆಸಿಕೊಳ್ಳಿ. ಎಷ್ಟು ವಿಮಾನಗಳು ನಿಜವಾಗಿ ಹಾರುತ್ತಿವೆ ಎಂದು ಹೋಗಿ ನೋಡಿ. ಈಗ ಕಲಿಯುತ್ತಿರುವ ಮಕ್ಕಳನ್ನು ಕೇಳಿ. 2025ರಿಂದ ಡಿಜಿಸಿಎ ಈ ಸಂಸ್ಥೆಗಳಿಗೆ ದರ್ಜೆ ನೀಡತೊಡಗಿದೆ, ಅದನ್ನೂ ಪರಿಶೀಲಿಸಿ. ಸರಕಾರದ ನೆರವೇನಾದರೂ ಇದೆಯೇ ಎಂದು ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಹೆಣ್ಣುಮಕ್ಕಳಿಗೆ ಇದು ಸಾಧ್ಯವೇ ಎನ್ನುತ್ತೀರಾ? 1936ರಲ್ಲೇ ಲಾಹೋರಿನಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ವಿಮಾನ ಹಾರಿಸಿದ್ದರು. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ. 15ರಷ್ಟು ಮಹಿಳೆಯರಿದ್ದಾರೆ, ಜಗತ್ತಿನ ಸರಾಸರಿಗಿಂತ ಇದು ಬಹಳ ಹೆಚ್ಚು. ಬೆಂಗಳೂರಿನ ಸಾರಾ ಹಮೀದ್ ಅಹ್ಮದ್ ಪೈಲಟ್ ಆಗಿದ್ದಾರೆ. ಹೈದರಾಬಾದಿನ ಸಯ್ಯಿದಾ ಸಲ್ವಾ ಫಾತಿಮಾರ ತಂದೆ ಬೇಕರಿಯಲ್ಲಿ ದುಡಿಯುತ್ತಿದ್ದರು. ಹಿತೈಷಿಗಳ ಮತ್ತು ತೆಲಂಗಾಣ ಸರಕಾರದ ನೆರವಿನಿಂದ ಅವರು ತರಬೇತಿ ಮುಗಿಸಿದರು.

ಆ ತಾಯಿಗೆ ಇಷ್ಟನ್ನೂ ಹೇಳಿದೆ. ಹುಡುಗಿ ಈಗ ವಿಜ್ಞಾನ ವಿಭಾಗಕ್ಕೆ ಅರ್ಜಿ ಹಾಕಿದ್ದಾಳೆ, ಕಣ್ಣಿನ ವೈದ್ಯರಲ್ಲಿಗೂ ಹೋಗಿ ಬಂದಿದ್ದಾಳೆ. ಮುಂದೆ ಅವಳು ವಿಮಾನ ಹಾರಿಸಬಹುದು, ಅಥವಾ ಎರಡು ವರ್ಷದ ಬಳಿಕ ಮನಸ್ಸು ಬದಲಾಗಿ ಇಂಜಿನಿಯರೋ ಅಧ್ಯಾಪಕಿಯೋ ಆಗಬಹುದು. ಹಾಗಾದರೂ ಅವಳು ಓದಿದ್ದು ವ್ಯರ್ಥವಾಗದು.

ಸಹೋದರಿಯರೇ, ನಿಮ್ಮ ಮಗಳು ದೊಡ್ಡದೊಂದು ಆಸೆ ಹೇಳಿದರೆ ನಗಬೇಡಿ. ಕೂಡಲೇ ಹಣವನ್ನೂ ಕಟ್ಟಬೇಡಿ. "ಮೊದಲು ವಿಚಾರಿಸೋಣ ಮಗಳೇ" ಎನ್ನಿ. ನಾನು ಆ ಹುಡುಗಿಗೆ ಹೇಳದೇ ಹೋದ ಮಾತು ಅದೊಂದೇ.