ಹನ್ನೆರಡು ಮಿಲಿಮೀಟರ್ ಸುಳ್ಳು

ಅಮ್ಮ ಶಿವಮೊಗ್ಗದ ಮನೆ ಬಿಟ್ಟು ನಮ್ಮ ಜೊತೆ ಇರೋಕೆ ಬರ್ತಾಳೆ ಅಂತ ಅವಳ ಕೋಣೆಗೆ ಗೋಡೆಯಿಂದ ಗೋಡೆಗೆ ವಾರ್ಡ್‌ರೋಬ್ ಮಾಡಿಸಲು ಹೊರಟೆ. ಅಳತೆ ತೆಗೆಯೋಕೆ ಬೇರೆಯವರು ಯಾಕೆ, ಎಂಜಿನಿಯರ್ ನಾನೇ ಇದ್ದೀನಲ್ಲ! ಲೇಸರ್ ಮೀಟರ್ ಹಿಡಿದು ಬಟನ್ ಒತ್ತಿದೆ: 3012 ಮಿ.ಮೀ. 5 ಮಿ.ಮೀ. ಸಡಿಲು ಬಿಟ್ಟು 3007ಕ್ಕೆ ಆರ್ಡರ್ ಕೊಟ್ಟೆ.

ಬಂದ ವಾರ್ಡ್‌ರೋಬ್ ಒಳಗೆ ಹೋಗಲೇ ಇಲ್ಲ. ಕೂರಿಸಲು ಬಂದಿದ್ದ ಹಿರಿಯ ಕಾರ್ಪೆಂಟರ್ ಟೇಪು ಹಿಡಿದರು. ಸರಿಯಾಗಿ 3000!

"ಸಾರ್, ಕೆಂಪು ಚುಕ್ಕೆ ಎದುರು ಗೋಡೆ ಮೇಲೆ ಎಲ್ಲಿ ಬಿದ್ದಿತ್ತು, ನೋಡಿದ್ರಾ?"

ನೋಡಿದ್ದೆ. ಮಂಚ ಅಡ್ಡ ಬರುತ್ತೆ ಅಂತ ಮೀಟರನ್ನು ತುಸು ಮೇಲಕ್ಕೆ ವಾಲಿಸಿದ್ದೆ. ಚುಕ್ಕೆ ಒಂದು ಗೇಣಿಗಿಂತ ಮೇಲೆ ಬಿದ್ದಿತ್ತು, ಅಂದರೆ ಸುಮಾರು 5 ಡಿಗ್ರಿ ಓರೆ. ಹತ್ತನೇ ಕ್ಲಾಸಿನ ಲಂಬಕೋನ ತ್ರಿಭುಜ ನೆನಪಿದೆಯಾ? ಬೇಕಿದ್ದದ್ದು ಪಾದ, ನಾನು ಅಳೆದದ್ದು ಕರ್ಣ.

ಆ ರಾತ್ರಿ ಲೆಕ್ಕ ಹಾಕಿದೆ. 3 ಮೀಟರ್ ಅಳತೆಯಲ್ಲಿ 1 ಡಿಗ್ರಿ ವಾಲಿದರೆ ತಪ್ಪು ಬರೀ ಅರ್ಧ ಮಿ.ಮೀ. 2 ಡಿಗ್ರಿಗೆ ಸುಮಾರು 2, 5 ಡಿಗ್ರಿಗೆ 11ರ ಮೇಲೆ. ಓರೆ ಎರಡರಷ್ಟಾದರೆ ತಪ್ಪು ನಾಲ್ಕರಷ್ಟು. ಎತ್ತರದ ಕಥೆಯೇ ಬೇರೆ: ಅದೇ 1 ಡಿಗ್ರಿಗೆ ಚುಕ್ಕೆ 5 ಸೆಂ.ಮೀ. ಜರುಗುತ್ತೆ. ಅದಕ್ಕೇ ಶೆಲ್ಫಿಗೆ ಗುರುತು ಹಾಕುವಾಗ ರಸಮಟ್ಟ ಬೇಕೇ ಬೇಕು, ಕಣ್ಣಂದಾಜು ಸಾಲದು.

ಒಂದು ಸಮಾಧಾನ ಇದೆ. ಓರೆಯಿಂದಾಗುವ ತಪ್ಪು ಯಾವಾಗಲೂ ಅಳತೆಯನ್ನು ಹೆಚ್ಚಿಸುತ್ತದೆ, ಎಂದೂ ಕಡಿಮೆ ಮಾಡುವುದಿಲ್ಲ. ಹಾಗಾಗಿ ಮೀಟರಿನ ಹಿಂಬದಿ ಗೋಡೆಗೆ ತಾಗಿರಲಿ, ಅದನ್ನು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ನಿಧಾನವಾಗಿ ವಾಲಿಸಿ ನೋಡಿ. ಬರುವ ಅತಿ ಚಿಕ್ಕ ಸಂಖ್ಯೆಯೇ ನಿಜವಾದ ಅಳತೆ. ಗೋಡೆಗಳೂ ನೆಟ್ಟಗಿರಲ್ಲ. ಬುಡ, ನಡು, ತುದಿ ಮೂರು ಕಡೆ ಅಳೆದು, ಅದರಲ್ಲಿ ಚಿಕ್ಕದನ್ನೇ ಆರ್ಡರಿಗೆ ಕೊಡಿ.

ವಾರ್ಡ್‌ರೋಬ್ ವಾಪಸ್ ಹೋಗಿ ಸರಿಯಾಗಿ ಬರುವಷ್ಟರಲ್ಲಿ ಅಮ್ಮ ಬಂದಾಗಿತ್ತು. ಎರಡು ವಾರ ಅವಳ ಸೀರೆಗಳು ಹಳೇ ಟ್ರಂಕಿನಲ್ಲೇ, ಹಾಲಿನ ಮೂಲೆಯಲ್ಲಿ ಇದ್ದವು.

"ಈ ಮನೇಲಿ ನಂಗೆ ಜಾಗ ಇಲ್ವೇನೋ ಅನ್ನಿಸಿತ್ತು ಕಣೋ" ಅಂತ ಆಮೇಲೊಮ್ಮೆ ನಗುತ್ತಲೇ ಅಂದಳು.

ನನಗೆ ನಗು ಬರಲಿಲ್ಲ.