ಒಂದೇ ಕೋಣೆಯಲ್ಲಿ ಬಾಲಕ-ಬಾಲಕಿ: ಗುಂಪು ಚಿಕಿತ್ಸೆ ಗೋಡೆಯೊಳಗೋ, ಹೊರಗೋ?

ಸಾರವಾಡದ ಹದಿನೇಳರ ಹುಡುಗನೊಬ್ಬ ಹದಿನಾರರ ಹುಡುಗಿಯೊಂದಿಗೆ ಊರು ಬಿಟ್ಟನೆಂದು ಭಾವಿಸೋಣ. ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾದರೆ ಆತ ಬಾಲನ್ಯಾಯ ಮಂಡಳಿಯ ಮುಂದೆ, ಆಕೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕಾಗುತ್ತದೆ. ಮನೆಗೆ ಮರಳಲಾಗದಿದ್ದಲ್ಲಿ ಆತನಿಗೆ ಬಾಲಕರ ವೀಕ್ಷಣಾಲಯ, ಆಕೆಗೆ ಬಾಲಕಿಯರ ಬಾಲಮಂದಿರ. ಹೆಣ್ಣಿನ ಒಪ್ಪಿಗೆ ಎಂದರೇನೆಂಬ ಪಾಠವನ್ನು ಆತ ಹುಡುಗರ ನಡುವೆಯೇ ಕುಳಿತು ಕಲಿಯಬೇಕು.

ಅಪರಾಧವೆಸಗಿದ ಹದಿಹರೆಯದವರಿಗೆ ಬಾಲಕ-ಬಾಲಕಿಯರನ್ನು ಒಟ್ಟಿಗೆ ಕೂರಿಸಿ ಗುಂಪು ಚಿಕಿತ್ಸೆ ನೀಡಬೇಕೆಂಬ ವಾದಕ್ಕೆ ಬಲ ಬರುವುದು ಇಲ್ಲಿಯೇ. ಎದುರಿಗೆ ಕೇಳುವ ಹೆಣ್ಣುದನಿಯೇ ಇಲ್ಲದಿದ್ದರೆ ಹುಡುಗರ ಗುಂಪು ತನ್ನ ತಪ್ಪುಕಲ್ಪನೆಗಳನ್ನೇ ಗಟ್ಟಿಮಾಡಿಕೊಳ್ಳುವ ಅಪಾಯವಿದೆ. ದಾರಿತಪ್ಪಿದ ಹುಡುಗರನ್ನು ಒಂದೆಡೆ ಸೇರಿಸುವುದೇ ಕೆಲವೊಮ್ಮೆ ಹಾನಿಕರವೆಂದು ಅಮೆರಿಕದ ಟಾಮ್ ಡಿಷನ್, ಜೋನ್ ಮೆಕಾರ್ಡ್ ಮತ್ತು ಸಂಗಡಿಗರು 1999ರಲ್ಲಿಯೇ ಎಚ್ಚರಿಸಿದ್ದರು.

ಆದರೆ ಇನ್ನೊಂದು ಮುಖವೂ ಇದೆ, ಅದೇ ಹೆಚ್ಚು ಗಂಭೀರವಾದುದು. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾಗುವ ಮಕ್ಕಳಲ್ಲಿ ಬಾಲಕಿಯರ ಸಂಖ್ಯೆ ಅತ್ಯಲ್ಪ. ಹತ್ತು ಹುಡುಗರ ನಡುವೆ ಒಬ್ಬಳನ್ನು ಕೂರಿಸಿದರೆ ಅದು ಆಕೆಗೆ ಚಿಕಿತ್ಸೆಯಾಗದು. ಹುಡುಗರ ಪಾಠಕ್ಕೆ ಆಕೆ ಉಪಕರಣವಾಗುತ್ತಾಳೆ. ಸ್ವತಃ ದೌರ್ಜನ್ಯಕ್ಕೊಳಗಾದವಳಾಗಿದ್ದರಂತೂ ಹಳೆಯ ಗಾಯವನ್ನು ಕೆದಕಿದಂತೆ. ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕ ಗೃಹಗಳಿರಬೇಕೆಂಬ ನಿಯಮವನ್ನು ಮಡಿವಂತಿಕೆಯೆಂದು ತಳ್ಳಿಹಾಕುವುದು ಈ ಕಾರಣದಿಂದಲೇ ಸರಿಯಲ್ಲ.

ಹಾಗಾದರೆ ದಾರಿ? 2015ರ ಬಾಲನ್ಯಾಯ ಕಾಯ್ದೆಯ 18ನೇ ಕಲಮಿನಲ್ಲಿ ಅದು ಅಡಗಿದೆ. ವಿಚಾರಣೆಯಲ್ಲಿ ತಪ್ಪು ಖಚಿತವಾದಾಗ ಮಂಡಳಿಯು ಮಗುವನ್ನು ವಿಶೇಷ ಗೃಹಕ್ಕೆ ಕಳುಹಿಸಲೇಬೇಕೆಂದಿಲ್ಲ. ಗುಂಪು ಆಪ್ತಸಮಾಲೋಚನೆಯಲ್ಲಿ ಪಾಲ್ಗೊಳ್ಳುವಂತೆ ಆದೇಶಿಸಬಹುದು. ಆ ಗುಂಪಿನಲ್ಲಿ ಯಾರಿರಬೇಕೆಂದು ಕಲಮು ಹೇಳುವುದಿಲ್ಲ. ಬೀಗದೊಳಗಿನ ಗೃಹದಲ್ಲಿ ಸಲ್ಲದ ಮಿಶ್ರ ಗುಂಪು ಹೊರಗೆ, ಸ್ವಇಚ್ಛೆಯಿಂದ ಬರುವ ಹುಡುಗಿಯರೊಂದಿಗೆ, ಪುರುಷ ಮತ್ತು ಮಹಿಳಾ ಸಮಾಲೋಚಕರಿಬ್ಬರ ಸಮ್ಮುಖದಲ್ಲಿ ಸಾಧ್ಯ. ಒಂದೇ ಪ್ರಕರಣದ ಇಬ್ಬರನ್ನು ಮಾತ್ರ ಎಂದಿಗೂ ಎದುರುಬದುರು ಕೂರಿಸಬಾರದು. ಪಠ್ಯಕ್ಕೂ ಕೊರತೆಯಿಲ್ಲ, ಲಿಂಗತ್ವ, ಲೈಂಗಿಕತೆ, ಸಂಬಂಧಗಳ ಕುರಿತು ಹದಿಹರೆಯದವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಜೀವನಕೌಶಲ ಸಾಮಗ್ರಿ ರೂಪಿಸಿದೆ.

ಶಾಲೆಯ ಪಾಲೂ ಇಲ್ಲಿದೆ. ಒಂಬತ್ತನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊ ಕುರಿತು ತಿಳಿವಳಿಕೆ ನೀಡುವ ಪಠ್ಯ ರೂಪಿಸಲು ಸಮಿತಿ ರಚಿಸುವಂತೆ ರಾಜ್ಯ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಸೂಚಿಸಿತ್ತು. ಒಪ್ಪಿಗೆಯ ವಯೋಮಿತಿಯನ್ನು ಮರುಪರಿಶೀಲಿಸುವಂತೆಯೂ ಅದು ಕಾನೂನು ಆಯೋಗಕ್ಕೆ ಹೇಳಿತ್ತು. 2023ರಲ್ಲಿ ವರದಿ ನೀಡಿದ ಆಯೋಗ ಹದಿನೆಂಟನ್ನು ಇಳಿಸಲು ಒಪ್ಪಲಿಲ್ಲ. ಅಂದರೆ ಇಂಥ ಹುಡುಗರು ಮಂಡಳಿಯ ಮೆಟ್ಟಿಲು ಹತ್ತುವುದು ಸದ್ಯಕ್ಕೆ ನಿಲ್ಲುವಂತಿಲ್ಲ.

ಇನ್ನುಳಿದದ್ದು ದೂರದ ಮಾತು. ಗುಂಪು ಸೇರುವುದು ವಿಜಯಪುರದಲ್ಲಾದರೆ ಸಾರವಾಡದ ಹುಡುಗನೊಂದಿಗೆ ತಂದೆಯೋ ತಾಯಿಯೋ ವಾರಕ್ಕೊಂದು ದಿನದ ಕೂಲಿ ಬಿಟ್ಟು ಬರಬೇಕು. ಆ ಕೂಲಿ, ಬಸ್ ಚಾರ್ಜನ್ನು ಯಾರು ಭರಿಸಬೇಕೆಂಬುದನ್ನು ಆದೇಶಕ್ಕೆ ಮುನ್ನವೇ ಇತ್ಯರ್ಥ ಮಾಡುವುದು ಒಳಿತು.